ಎರಡು ಸೂರ್ಯಾಸ್ತಗಳ ನಡುವೆ

ವಕೀಲ ಕಾಕಾನ ಪಡಸಾಲೆಯಲ್ಲಿ ಒಂದೇ ಮೊಳೆಗೆ ಎರಡು ಕ್ಯಾಲೆಂಡರುಗಳು ತೂಗುತ್ತಿದ್ದವು. ಮುಂದಿನದು ಕನ್ನಡದ್ದು, ಅದರ ಹಿಂದೆ ಮರಾಠಿಯದು. ಸೆಪ್ಟೆಂಬರಿನ ಒಂದು ಭಾನುವಾರದ ಚೌಕದಲ್ಲಿ ಕನ್ನಡದ್ದು ಸೂರ್ಯಾಸ್ತ ಆರು ಇಪ್ಪತ್ತೆರಡಕ್ಕೆ ಎನ್ನುತ್ತಿತ್ತು, ಮರಾಠಿಯದು ಆರು ನಲವತ್ತೆರಡಕ್ಕೆ. ಎಂಟು ವರ್ಷದ ನಾನು ಹಾಳೆ ಎತ್ತಿ ನೋಡಿ, ಮನಸ್ಸಿನಲ್ಲೇ ಕಳೆದು, "ಇಪ್ಪತ್ತು ನಿಮಿಷ" ಎಂದೆ. ಅವರು ಕುರ್ಚಿಯಿಂದ ಏಳದೆ ಹೇಳಿದರು:

"ಥಂಡಿ ದಿನ ಬರಲಿ, ಏಳೆಂಟ ನಿಮಿಷಕ್ಕ ಇಳೀತೈತಿ. ಮೇ ತಿಂಗಳದಾಗ ಅರ್ಧಾ ತಾಸ. ಮುಂಬೈದಾಗ ಒಬ್ಬ ಸೂರ್ಯ, ಬೆಂಗಳೂರಾಗ ಒಬ್ಬ ಸೂರ್ಯ. ನಮ್ಮ ಅಂಕಲಿ ಸೂರ್ಯನ್ನ ಮಾತ್ರ ಯಾರೂ ಅಚ್ಚ ಹಾಕಿಲ್ಲ ನೋಡ, ತಂಗಿ."

ಅಂಕಲಿಯ ಸೂರ್ಯ ಆ ಎರಡು ಸಮಯಗಳ ನಡುವೆ ಎಲ್ಲೋ ಮುಳುಗುತ್ತಿದ್ದ. ಅದು ಮುಖ್ಯವೆಂದು ನನಗೆ ಗೊತ್ತಾಗಲು ಹದಿನೇಳು ವರ್ಷ ಬೇಕಾಯಿತು.

ಊರಿನವರಂತೆ ನಾನೂ ಅವರನ್ನು ವಕೀಲ ಕಾಕಾ ಎಂದೇ ಕರೆಯುತ್ತಿದ್ದೆ. ಅಂಕಲಿಯಿಂದ ದಿನಾ ಬಸ್ಸಿನಲ್ಲಿ ಚಿಕ್ಕೋಡಿ ಕೋರ್ಟಿಗೆ ಹೋಗಿ ಬರುತ್ತಿದ್ದ ಜೈನ ವಕೀಲರು. ಎಡಗಿವಿ ಪೂರ್ತಿ ಕೇಳಿಸದಂತಾದ ಮೇಲೆ ವಾದ ಮಾಡುವುದನ್ನು ಬಿಟ್ಟು ಮಧ್ಯಸ್ಥರಾಗಿದ್ದರು. ಬೇರೆಯಾದ ಗಂಡ ಹೆಂಡತಿ ಮಗುವನ್ನು ಆ ಕಡೆ ಈ ಕಡೆ ಜಗ್ಗಾಡುವ ಪ್ರಕರಣಗಳನ್ನು ಕೋರ್ಟು ಅವರ ಬಳಿ ಕಳಿಸುತ್ತಿತ್ತು. ಕೇಳದ ಕಿವಿಯನ್ನೂ ಅವರು ಕೆಲಸಕ್ಕೆ ಹಚ್ಚಿದ್ದರು. ಯಾರಾದರೂ ಬೈಗುಳಕ್ಕೆ ಇಳಿದರೆ ನಿಧಾನವಾಗಿ ಮುಖ ತಿರುಗಿಸಿ ಎಡಗಿವಿಯನ್ನು ಅವರ ಮುಂದೆ ಹಿಡಿಯುತ್ತಿದ್ದರು. "ಬೈರಿ, ಬೈರಿ. ಇದು ಸಿಟ್ಟಿನ ಕಿವಿ. ಮುಗದ ಮ್ಯಾಲ ಹೇಳ್ರಿ, ಮತ್ತ ಈ ಕಡೆ ತಿರಗತೇನಿ." ನನ್ನ ಅಪ್ಪ ಮೊದಲ ದಿನವೇ ಆ ಕಿವಿಗೆ ಮುಕ್ಕಾಲು ತಾಸು ಬೈದಿದ್ದ.

ಅಪ್ಪನದು ಅಥಣಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಆಯಿ, ಎಂದರೆ ಅಮ್ಮ, ತನ್ನ ತವರು ಬೇಡಕಿಹಾಳದಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಒಟ್ಟಿಗಿದ್ದಾಗ ಮನೆಯಲ್ಲಿ ಎರಡೂ ಭಾಷೆ ಓಡಾಡುತ್ತಿದ್ದವು. ಯಾವ ಮಾತು ಯಾವ ಭಾಷೆಯದೆಂದು ಯಾರೂ ಗಮನಿಸುತ್ತಿರಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಅಪ್ಪನಿಗೆ ಮರಾಠಿ ಮರೆತುಹೋಯಿತು, ಆಯಿಗೆ ಕನ್ನಡ.

ಆ ವರ್ಷ ಜೂನಿನಲ್ಲಿ ಇಬ್ಬರೂ ನನ್ನನ್ನು ಮೂರನೆಯ ತರಗತಿಗೆ ಸೇರಿಸಿದರು. ಆಯಿ ಮರಾಠಿ ಶಾಲೆಗೆ, ಅಪ್ಪ ಅಥಣಿಯ ಕನ್ನಡ ಶಾಲೆಗೆ. ಒಬ್ಬರ ಕೈಯಲ್ಲಿ ನನ್ನ ಹಳೆಯ ಶಾಲೆಯ ದಾಖಲೆ ಇತ್ತು, ಇನ್ನೊಬ್ಬರ ಕೈಯಲ್ಲಿ ಜನನ ಪ್ರಮಾಣಪತ್ರ. ಎರಡು ಹಾಜರಿ ಪುಸ್ತಕಗಳಲ್ಲಿ ನನ್ನ ಹೆಸರಿತ್ತು. ಯಾರ ಮನೆಯಲ್ಲಿ ಇರುತ್ತಿದ್ದೆನೋ ಆ ಊರಿನ ಶಾಲೆಗೆ ಹೋಗುತ್ತಿದ್ದೆ. ಹಾಗಾಗಿ ನಾನು ಪ್ರತಿದಿನ ಎಲ್ಲೋ ಒಂದು ಕಡೆ ಗೈರುಹಾಜರಾಗಿದ್ದೆ.

ಕಾಕಾ ಮೊದಲ ಬೈಠಕ್ಕಿನಲ್ಲಿ ನನ್ನ ಎರಡೂ ಶಾಲೆಗಳ ನೋಟುಪುಸ್ತಕಗಳನ್ನು ಮೇಜಿನ ಮೇಲೆ ಹರವಿ, ಮರಾಠಿಯದನ್ನು ಅಪ್ಪನ ಮುಂದೆ, ಕನ್ನಡದ್ದನ್ನು ಆಯಿಯ ಮುಂದೆ ಸರಿಸಿದರು.

"ಓದ್ರಿ."

"ನನಗ ಬರೂದಿಲ್ಲರಿ," ಎಂದ ಅಪ್ಪ.

"ಮಿರಜ ಬಾಜಾರದಾಗ ತಾಮ್ರದ ತಂತಿ ಚೌಕಾಶಿ ಯಾವ ಭಾಷೇದಾಗ ಮಾಡ್ತೀರಿ? ಕೈ ಸನ್ನಿಲೇನು?"

ಅಪ್ಪ ಓದಿದ. ಆಯಿಯೂ ಓದಿದಳು. ಎರಡು ಪುಸ್ತಕಗಳಲ್ಲೂ ಒಂದೇ ಪಾಠ ಅರ್ಧಕ್ಕೆ ನಿಂತಿತ್ತು. ಇಬ್ಬರೂ ಒಂದೇ ಕಡೆ ನಿಲ್ಲಿಸಬೇಕಾಯಿತು. ಆಮೇಲೆ ಸ್ವಲ್ಪ ಹೊತ್ತು ಯಾರೂ ಸಿಟ್ಟಿನ ಕಿವಿಯನ್ನು ಬಳಸಲಿಲ್ಲ.

ನಂತರ ಅವರು ನನ್ನನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋದರು. ನನಗೆ ಆಗ ಒಂದೇ ಭಯ. ಇಬ್ಬರೂ ಒಪ್ಪದಿದ್ದರೆ ಜಡ್ಜ್ ಸಾಹೇಬರು ನನ್ನನ್ನು ಒಳಗೆ ಕರೆದು, ಯಾರ ಜೊತೆ ಇರುತ್ತೀ ಎಂದು ಕೇಳುತ್ತಾರೆಂದು ಎರಡೂ ಮನೆಯವರು ಹೇಳಿದ್ದರು. ಅಥಣಿಯ ಅಜ್ಜಿ ಒಂದು ಕನ್ನಡ ವಾಕ್ಯ ಕಲಿಸಿದ್ದಳು, ಬೇಡಕಿಹಾಳದ ಮಾಮಾ ಒಂದು ಮರಾಠಿ ವಾಕ್ಯ. ರಾತ್ರಿ ಮಲಗುವ ಮುಂಚೆ ಎರಡನ್ನೂ ಹೇಳಿಕೊಳ್ಳುತ್ತಿದ್ದೆ. ಯಾವುದನ್ನು ಹೇಳಿದರೂ ಇನ್ನೊಬ್ಬರು ಸತ್ತುಹೋಗುತ್ತಾರೆಂದು ನನ್ನ ನಂಬಿಕೆಯಾಗಿತ್ತು.

"ಎರಡೂ ಬಾಯಿಪಾಠ ಆಗ್ಯಾವೇನು?" ಎಂದರು ಕಾಕಾ. ಅವರಿಗೆ ಯಾರೂ ಹೇಳಿರಲಿಲ್ಲ.

"ಹೂಂ."

"ಮರತಬಿಡು. ನಿನಗ ಆ ಪ್ರಶ್ನೆ ಯಾರೂ ಕೇಳೂದಿಲ್ಲ. ನಾ ಇರೂ ಮಟಾ ಕೇಳಗೊಡೂದಿಲ್ಲ."

ರಾಜಿಪತ್ರ ಆಗಲು ನಾಲ್ಕು ಬೈಠಕ್ಕು ಬೇಕಾದವು. ವಾರದ ದಿನಗಳಲ್ಲಿ ನಾನು ಆಯಿಯ ಜೊತೆ, ಶಾಲೆ ಚಿಕ್ಕೋಡಿಯಲ್ಲಿ ಕನ್ನಡದಲ್ಲಿ, ಮರಾಠಿ ಓದು ಮನೆಯಲ್ಲಿ. ಶನಿವಾರ ಮಧ್ಯಾಹ್ನ ಅಪ್ಪ ಶಾಲೆಯಿಂದಲೇ ಕರೆದೊಯ್ಯಬೇಕು. ಆಯಿ ಭಾಷೆಯಲ್ಲಿ ಸೋತೆ ಎಂದು ಅತ್ತಳು, ಅಪ್ಪ ಮಗಳನ್ನು ಸೋತೆ ಎಂದು ಪೆನ್ನು ಎಸೆದ. ಕಾಕಾ ಪೆನ್ನು ಎತ್ತಿ ಕೊಡುತ್ತಾ, "ಒಬ್ಬರು ನಕ್ಕೋತ ಸಹಿ ಮಾಡಿದ್ರ ಆ ರಾಜಿ ಆರ ತಿಂಗಳ. ಇಬ್ರೂ ಅಳಕೋತ ಮಾಡಿದ್ರ ಬಾಳಿಕಿ ಬರತೈತಿ," ಎಂದರು.

ಭಾನುವಾರ ಸಂಜೆಯ ಕಲಮನ್ನು ಅವರು ತಮ್ಮ ಕೈಯಾರೆ ಬರೆದರು. ಅಪ್ಪ, ಆಯಿ ಎದುರುಬದುರಾಗಬಾರದು. ಅಂಕಲಿ ಇಬ್ಬರಿಗೂ ನಡುವಿನ ಊರು. ಆದ್ದರಿಂದ ತಂದೆಯು ಸೂರ್ಯಾಸ್ತಕ್ಕೆ ಮೊದಲು ಮಗುವನ್ನು ಮಧ್ಯಸ್ಥರ ಮನೆಯಲ್ಲಿ ಬಿಟ್ಟು ಹೋಗತಕ್ಕದ್ದು, ತಾಯಿಯು ಸೂರ್ಯಾಸ್ತದ ನಂತರ ಬಂದು ಕರೆದೊಯ್ಯತಕ್ಕದ್ದು. ಗಂಟೆ ನಮೂದಿಸಲಿಲ್ಲ. ಹುಟ್ಟಿದಾಗಿನಿಂದ ಹೊತ್ತು ಮುಳುಗುವ ಮೊದಲು ಉಂಡ ಮನುಷ್ಯ ಅವರು. ಸಂಜೆಯ ನಂತರ ನೀರೂ ಕುಡಿಯುತ್ತಿರಲಿಲ್ಲ. ಸೂರ್ಯಾಸ್ತ ಎಲ್ಲರಿಗೂ ಒಂದೇ ಎಂಬುದರಲ್ಲಿ ಅವರಿಗೆ ಸಂಶಯವೇ ಬರಲಿಲ್ಲ.

ಇನ್ನೊಂದು ಕಲಮು ಎರಡೂ ಮನೆಯವರು ಹಟ ಹಿಡಿದು ಹಾಕಿಸಿದ್ದು. ಬೇಡಕಿಹಾಳದಿಂದ ಬಂದಾಗೊಮ್ಮೆ ನಾನು ವಾಂತಿ ಮಾಡಿಕೊಂಡಿದ್ದೆ; ಏನೋ ಮದ್ದು ಹಾಕಿ ಕಳಿಸ್ಯಾರ ಎಂದಿದ್ದಳು ಅಥಣಿಯ ಅಜ್ಜಿ. ಅಥಣಿಯ ಬಾಳೆಹಣ್ಣಿನ ಬಗ್ಗೆ ಮಾಮಾ ಅದನ್ನೇ ಹೇಳಿದ್ದ. ಹಾಗಾಗಿ ಮಗುವನ್ನು ಒಪ್ಪಿಸುವ ಮನೆಯಲ್ಲಿ ಯಾರೂ ಅದಕ್ಕೆ ತಿನ್ನಲು, ಕುಡಿಯಲು ಏನನ್ನೂ ಕೊಡತಕ್ಕದ್ದಲ್ಲ.

ಮೊದಲ ಭಾನುವಾರವೇ ಜಗಳವಾಯಿತು. ಅಪ್ಪ ನನ್ನನ್ನು ಬಿಟ್ಟು ಹೋದವನು ಊರಿಗೆ ಹೋಗದೆ ಓಣಿಯ ತುದಿಯಲ್ಲಿ ನಿಂತಿದ್ದ. ಆಯಿ ಬಂದ ಕೂಡಲೇ ಮೊಬೈಲು ಹಿಡಿದು ಓಡಿಬಂದ.

"ಹೊತ್ತ ಮುಳಗಿ ಇಪ್ಪತ್ತ ನಿಮಿಷ ಆತು! ಕೂಸಿನ್ನ ಮಂದಿ ಮನ್ಯಾಗ ಕುಂಡ್ರಿಸಿ ಈಗ ಬಂದಾಳ್ರಿ ಮಹಾರಾಣಿ!"

ಆಯಿ ಪರ್ಸಿನಿಂದ ಕ್ಯಾಲೆಂಡರಿನ ಹಾಳೆಯನ್ನೇ ತೆಗೆದಳು. ಹರಿದು, ನಾಲ್ಕು ಮಡಿಕೆ ಮಾಡಿ ತಂದಿದ್ದಳು. ಅಪ್ಪ ತನ್ನ ಮನೆಯ ಕ್ಯಾಲೆಂಡರಿನ ಫೋಟೋ ತೋರಿಸಿದ. ಕಾಕಾ ಎರಡನ್ನೂ ಕನ್ನಡಕ ಏರಿಸಿ ನೋಡಿದರು, ತುಂಬ ಹೊತ್ತು ನೋಡಿದರು. ಆಮೇಲೆ ಹೇಳಿದರು: "ತಪ್ಪ ನಂದು. ಇಬ್ರೂ ನಿಮ್ಮ ನಿಮ್ಮ ಸೂರ್ಯನ ಪ್ರಕಾರ ಬರ್ರಿ."

ಗಂಟೆ ಹಾಕಿ ತಿದ್ದಬಹುದಿತ್ತು. ಅಪ್ಪನ ವಕೀಲರು ಮರುವಾರವೇ ತಯಾರಾಗಿದ್ದರು: ಪತ್ರ ತಿದ್ದುವುದಾದರೆ ಶಾಲೆಯ ಕಲಮನ್ನೂ ತಿದ್ದಬೇಕು. ಆಯಿಯ ವಕೀಲರೂ ಹಾಗೆಯೇ ಅಂದರು. ತಿದ್ದಲು ಹೋದರೆ ಪ್ರಕರಣ ಮತ್ತೆ ಕೋರ್ಟಿನ ಮುಂದೆ, ಸಾಹೇಬರ ಕೋಣೆ, ನನಗೆ ಆ ಪ್ರಶ್ನೆ. ಕಾಕಾ ಪತ್ರವನ್ನು ಮುಟ್ಟಲಿಲ್ಲ. ಪೇಟೆಗೆ ಹೋಗಿ ಒಂದು ಮರಾಠಿ ಕ್ಯಾಲೆಂಡರು ತಂದು ಅದೇ ಮೊಳೆಗೆ ಹಾಕಿದರು.

ಹೀಗೆ ನನಗೆ ಆ ಕಾಲು ತಾಸು ಸಿಕ್ಕಿತು. ಲೆಕ್ಕ ಎಷ್ಟೇ ಬರಲಿ, ಅವರು ಅದನ್ನು ಕಾಲು ತಾಸು ಎಂದೇ ಕರೆಯುತ್ತಿದ್ದರು.

ಅಪ್ಪನ ಬೈಕಿನ ಸದ್ದು ಓಣಿ ದಾಟಿದ ಮೇಲೆ ನಾನು ಚೀಲ ಇಳಿಸಿ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅವರು ಪಕ್ಕದ ಕುರ್ಚಿಯಲ್ಲಿ. ಏನನ್ನೂ ಕೇಳುತ್ತಿರಲಿಲ್ಲ. ಅಪ್ಪ ಹೇಗಿದ್ದಾನೆ, ಅಲ್ಲಿ ಯಾರು ಬಂದಿದ್ದರು, ಏನು ತಿಂದೆ, ಅಜ್ಜಿ ಏನಂದಳು: ಇವೆಲ್ಲ ಇನ್ನು ಸ್ವಲ್ಪ ಹೊತ್ತಿಗೆ ಬಸ್ಸಿನಲ್ಲಿ ಆಯಿ ಕೇಳುವ ಪ್ರಶ್ನೆಗಳು. ಶನಿವಾರ ಅಪ್ಪ ಅವನ್ನೇ ಕೇಳಿರುತ್ತಿದ್ದ. ವಾರದಲ್ಲಿ ನಾನು ಸಾಕ್ಷಿ ಹೇಳಬೇಕಿಲ್ಲದ ಜಾಗ ಆ ಕಟ್ಟೆಯೊಂದೇ.

ನಮ್ಮದು ಒಂದು ಆಟವಿತ್ತು. ರಸ್ತೆಯಲ್ಲಿ ಬರುವ ಗಾಡಿಯನ್ನು ನೋಡದೆ ಗುರುತಿಸಬೇಕು. ನಾನು ಕಿವಿಯಿಂದ, ಅವರು ಕಟ್ಟೆಯ ಕಲ್ಲಿನ ಮೇಲೆ ಅಂಗೈ ಊರಿ.

"ಮಿರಜ ಬಸ್ಸು," ಎನ್ನುತ್ತಿದ್ದೆ.

"ಅಲ್ಲ. ಕಬ್ಬಿನ ಟ್ರ್ಯಾಕ್ಟರ್. ಎರಡ ಟ್ರೇಲರ್ ಅದಾವ, ಹಿಂದಿಂದು ಖಾಲಿ."

ಕಬ್ಬಿನ ಟ್ರ್ಯಾಕ್ಟರೇ ಬರುತ್ತಿತ್ತು, ಹಿಂದಿನ ಟ್ರೇಲರು ಖಾಲಿಯೇ ಇರುತ್ತಿತ್ತು. ನಾನು ಅಂಗೈ ಊರಿದರೆ ನನಗೆ ಕಲ್ಲಿನ ಬಿಸಿ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. "ಸೋತಿ ಬಿಡ. ಕೋರ್ಟಿಗೆ ಹೋಗೂಣೇನ?" ಎಂದು ಕೇಳುತ್ತಿದ್ದರು. ಅವರೊಬ್ಬರು ಹೇಳಿದಾಗ ಮಾತ್ರ ಆ ಪದಕ್ಕೆ ನಗು ಬರುತ್ತಿತ್ತು.

ಒಳಬಾಗಿಲ ಪಕ್ಕದಲ್ಲಿ ಒಂದು ಸ್ಟೂಲು. ಅದರ ಮೇಲೆ ಒಂದು ತಾಟು, ಅದಕ್ಕೆ ಮುಚ್ಚಿದ ಇನ್ನೊಂದು ತಾಟು. ಮೇಲಿನದರ ಅಂಚು ಒಂದು ಕಡೆ ನೆಗ್ಗಿತ್ತು. ಕಾಕಾನ ಹೆಂಡತಿ, ನಾನು ಕಾಕು ಎನ್ನುತ್ತಿದ್ದೆ, ಆಗಾಗ ಬಾಗಿಲಿಗೆ ಬಂದು ಪಶ್ಚಿಮದ ಕಡೆ ನೋಡಿ ಒಳಗೆ ಹೋಗುತ್ತಿದ್ದರು. ಆ ತಾಟು ಯಾರದು ಎಂದು ನಾನು ಕೇಳಲಿಲ್ಲ. ಕೇಳದಿರುವುದನ್ನು ನಾನು ಆ ಕಟ್ಟೆಯಲ್ಲೇ ಕಲಿತಿದ್ದೆ.

ಐದನೆಯ ತರಗತಿಯಲ್ಲಿದ್ದಾಗ, ಒಂದು ಭಾನುವಾರ, ಚಿಕ್ಕೋಡಿ ಬಸ್ಸಿನಲ್ಲಿ ಆಯಿ ಕಿಟಕಿಯಾಚೆ ನೋಡುತ್ತಾ ಕೇಳಿದಳು: "ಮೀ ಲವಕರ ಯೇಊ ಕಾ?" ಬೇಗ ಬರಲೇ ಎಂದು. ಅಪ್ಪ ಈಗ ಓಣಿಯಲ್ಲಿ ಕಾಯುವುದಿಲ್ಲ, ಅವನ ಸೂರ್ಯ ಮುಳುಗಿದ ಕೂಡಲೇ ಬಂದರೂ ಯಾರೂ ಏನೂ ಅನ್ನುವುದಿಲ್ಲ, ಆ ಮುದುಕರಿಗೂ ತೊಂದರೆ, ಎಂದಳು.

"ನಕೋ," ಎಂದೆ. ಬೇಡ.

ಒಂದೇ ಪದ. ಯಾಕೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಪದವನ್ನು ನಾನು ಆಮೇಲೆ ಒಂಬತ್ತನೆಯ ತರಗತಿಯವರೆಗೂ, ಒಬ್ಬಳೇ ಬಸ್ಸಿನಲ್ಲಿ ಓಡಾಡುವಷ್ಟು ದೊಡ್ಡವಳಾಗಿ ಅಂಕಲಿಯಲ್ಲಿ ಇಳಿಯುವ ಅಗತ್ಯ ಮುಗಿಯುವವರೆಗೂ, ಮತ್ತೆ ಹೇಳಬೇಕಾಗಲಿಲ್ಲ. ಆರು ವರ್ಷದಲ್ಲಿ, ಯಾರ ಜೊತೆ ಇರುತ್ತೀ ಎಂಬ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ. ಕಾಕಾ ಮಾತು ಉಳಿಸಿಕೊಂಡರು. ನಾನು ಧನ್ಯವಾದ ಹೇಳಲಿಲ್ಲ. ಓದಿದೆ, ರಾಯಬಾಗದ ಕಾಲೇಜೊಂದರಲ್ಲಿ ಗಣಿತ ಕಲಿಸತೊಡಗಿದೆ. ಅಂಕಲಿಯ ಮೇಲೆ ಹಾದು ಹೋಗುವಾಗ ಬಸ್ಸಿನಲ್ಲಿ ಅವರ ಓಣಿ ಕಾಣುವ ಬದಿಯ ಕಿಟಕಿಯಲ್ಲಿ ಕೂರುತ್ತಿರಲಿಲ್ಲ, ಅಷ್ಟೇ.

ಈ ವರ್ಷ ಸ್ಟಾಫ್ ರೂಮಿನಲ್ಲಿ ಅಂಕಲಿಯ ಸಹೋದ್ಯೋಗಿಯೊಬ್ಬರು ಡಬ್ಬಿ ತೆರೆಯುತ್ತಾ, "ನಮ್ಮ ವಕೀಲ ಕಾಕಾ ಹೋದ್ರು, ಇವತ್ತಿಗೆ ಇಪ್ಪತ್ತ ದಿನ ಆತು," ಎಂದು ಇನ್ನಾರಿಗೋ ಹೇಳುತ್ತಿದ್ದರು.

ಆ ವಾರದ ಭಾನುವಾರ ಹೋದೆ. ಬೇಕೆಂದು ಭಾನುವಾರ ಆರಿಸಿದ್ದಲ್ಲ, ರಜೆ ಇದ್ದದ್ದು ಅಂದೇ. ಮನೆ ತಲುಪಿದಾಗ ಬಿಸಿಲು ಎದುರಿನ ಗೋಡೆಯ ಅರ್ಧಕ್ಕೆ ಏರಿತ್ತು. ಕಾಕು ಗುರುತು ಹಿಡಿಯಲು ಒಂದು ಕ್ಷಣ ತೆಗೆದುಕೊಂಡರು, ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು.

"ಬಾರವಾ, ಬಾ. ಕಾಲ ತಾಸಿನ ಹುಡುಗಿ! ಎಷ್ಟ ಎತ್ತರ ಆಗೀ. ಕೈಕಾಲ ತೊಳಕೋ, ರೊಟ್ಟಿ ಆಗ್ಯಾವ, ಒಂದ ತುತ್ತ ಉಣ್ಣು."

"ಬ್ಯಾಡ ಕಾಕು," ಎಂದೆ. ಆ ಮನೆಯಲ್ಲಿ ನನ್ನ ಬಾಯಿಗೆ ಬರುತ್ತಿದ್ದದ್ದು ಅದೊಂದೇ ಉತ್ತರ. ಆರು ವರ್ಷ ಅಲ್ಲಿ ನಾನು ನನ್ನ ಬಾಟಲಿಯ ನೀರು ಬಿಟ್ಟು ಏನನ್ನೂ ಮುಟ್ಟಿರಲಿಲ್ಲ.

ಪಡಸಾಲೆಯಲ್ಲಿ ಒಂದೇ ಮೊಳೆಗೆ ಎರಡು ಕ್ಯಾಲೆಂಡರುಗಳು ತೂಗುತ್ತಿದ್ದವು. ಹತ್ತಿರ ಹೋಗಿ ನೋಡಿದೆ. ಈ ವರ್ಷದವು.

"ಇನ್ನೂ ಎರಡು ಯಾಕ ಕಾಕು?"

"ರೂಢಿ. ಪ್ರತಿ ಹೊಸಾ ವರ್ಷಕ್ಕ ಎರಡೂ ತರತಿದ್ರು. ನಿನ್ನ ನಂತರ ಬಂದ ಹುಡುಗರಿಗೆಲ್ಲಾ ಗಡಿಯಾರದ ಟೈಮ್ ಬರದ್ರು. ಸೂರ್ಯಾಸ್ತ ಅಂತ ಬರದದ್ದು ನಿಂದೊಂದ." ಅವರು ನಕ್ಕರು. "'ನನ್ನ ಐತವಾರದ ಉಪಾಸ' ಅಂತ ಚಾಷ್ಟಿ ಮಾಡತಿದ್ರು."

"ಯಾವ ಉಪಾಸ?"

ಕಾಕು ನನಗೆ ಗೊತ್ತಿದೆ ಎಂದೇ ತಿಳಿದಿದ್ದರು. ಗೊತ್ತಿಲ್ಲವೆಂದು ಅರ್ಥವಾದಾಗ ಮಾತು ನಿಲ್ಲಿಸಲು ನೋಡಿದರು. ನಾನು ಬಿಡಲಿಲ್ಲ. ಆಗ, ಬೇರೆಯವರ ಮನೆಯ ಸಂಗತಿ ಹೇಳುವಂತೆ, ನೆಲ ನೋಡುತ್ತಾ ಹೇಳಿದರು. ಮನೆಗೆ ಬರುವವರಿದ್ದಾರೆ ಎಂದರೆ ಅವರಿಗೆ ಬಡಿಸದೆ ತಾನು ಉಣ್ಣಬಾರದೆಂಬುದು ಕಾಕಾನ ವ್ರತ. ನನಗೆ ಬಡಿಸುವಂತಿಲ್ಲ, ಪತ್ರದಲ್ಲಿ ಬರೆದಿತ್ತು. ಹಾಗಾದರೆ ನಾನು ಹೋದ ಮೇಲೆ ಉಣ್ಣಬೇಕು. ಆಯಿ ಬರುತ್ತಿದ್ದುದು ಮರಾಠಿ ಕ್ಯಾಲೆಂಡರಿನ ಸಮಯಕ್ಕೆ. ಅಷ್ಟರಲ್ಲಿ ಅಂಕಲಿಯಲ್ಲಿ ಹೊತ್ತು ಮುಳುಗಿರುತ್ತಿತ್ತು. ಮರುದಿನ ಬೆಳಗಿನವರೆಗೆ ನೀರೂ ಇಲ್ಲ.

"ನಿಮ್ಮವ್ವ ಒಂದ ಹತ್ತ ನಿಮಿಷ ಲಗೂ ಬಂದಿದ್ರ ಎರಡ ತುತ್ತ ಉಣತಿದ್ರು. ನಾ ಅಂದೆ, ಆ ಹೆಣ್ಣಮಗಳಿಗೆ ಒಂದ ಫೋನ್ ಮಾಡ್ರಿ, ಪಾಪ, ಕೆಟ್ಟಾಕಿ ಅಲ್ಲ ಆಕಿ, ಬರತಾಳ. ಒಲ್ಲೆ ಅಂದ್ರು."

"ಯಾಕ?"

"'ಹುಡುಗಿಗೆ ಆ ಕಾಲ ತಾಸ ಬೇಕಾಗೈತಿ' ಅಂದ್ರು. 'ಅವ್ವ ಬಂದ್ಲು ಅಂದ ಕೂಡ್ಲೆ ಆಕಿ ಕಟ್ಟಿ ಮ್ಯಾಲಿಂದ ಕೈ ತಗಿಯೂದ ನೋಡೀಯೇನ' ಅಂತ ನನಗ ಕೇಳಿದ್ರು."

ಅಂದರೆ ಅವರಿಗೆ ಗೊತ್ತಿತ್ತು. ಬಸ್ಸಿನಲ್ಲಿ ನಾನಂದ 'ನಕೋ' ಅವರ ಕಿವಿಗೆ ಬಿದ್ದಿರಲಿಲ್ಲ, ಆದರೂ ಗೊತ್ತಿತ್ತು. ಯಾರೂ ನನ್ನನ್ನು ಆರಿಸಲು ಕೇಳದಂತೆ ಅವರು ನೋಡಿಕೊಂಡರು. ಯಾರೂ ಕೇಳದೆಯೇ ನಾನು ಆರಿಸಿಬಿಟ್ಟಿದ್ದೆ, ಅಪ್ಪನನ್ನೂ ಅಲ್ಲ, ಆಯಿಯನ್ನೂ ಅಲ್ಲ, ಆ ಕಾಲು ತಾಸನ್ನು. ಅದಕ್ಕೆ ಅವರ ಉಪಾಸ, ವಾರಕ್ಕೊಂದರಂತೆ ಆರು ವರ್ಷ. ನಾನು ಕಲಿಸುವುದು ಗಣಿತ. ಆದರೂ ಆ ಗುಣಾಕಾರವನ್ನು ಅಲ್ಲಿ ಕುಳಿತು ಮಾಡಲಾಗಲಿಲ್ಲ.

"ನೀವು? ನೀವರೆ ಉಣತಿದ್ರೆಲ್ಲ?"

"ಅವರು ಉಣ್ಣಲಾರದ ನಾ ಹೆಂಗ ಉಣ್ಣಲೆವಾ?"

ಆಗ ನಾನು ಬಾಗಿಲ ಕಡೆ ನೋಡಿದೆ. ಸ್ಟೂಲು ಅಲ್ಲೇ ಇತ್ತು. ಅದರ ಮೇಲೆ ತಾಟು, ತಾಟಿಗೆ ಮುಚ್ಚಿದ ತಾಟು, ಅಂಚು ಒಂದು ಕಡೆ ನೆಗ್ಗಿದ್ದು. ಹೊರಗೆ ಎದುರಿನ ಗೋಡೆಯ ಮೇಲೆ ಬಿಸಿಲಿರಲಿಲ್ಲ. ಎಷ್ಟು ಹೊತ್ತಿನಿಂದ ಇರಲಿಲ್ಲವೋ, ಮಾತಿನಲ್ಲಿ ನಾನು ಗಮನಿಸಿರಲಿಲ್ಲ.

"ಕಾಕು, ಇವತ್ತ ನಿಮ್ಮ ಊಟ ಆಗೇತೇನ್ರಿ?"

ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಇರಲಿ ಬಿಡವಾ. ನೀ ಬಂದೆಲ್ಲ," ಎಂದರು.

ಬಂದ ಕೂಡಲೇ ಅವರು ಉಣ್ಣೆಂದಿದ್ದರು. ನಾನು ಬೇಡ ಎಂದಿದ್ದೆ. ಅದೇ ಪದ, ಈ ಸಲ ಕನ್ನಡದಲ್ಲಿ. ಬೇಡವೆಂದದ್ದು ನನ್ನ ಒಂದು ತುತ್ತಿಗೆ ಎಂದುಕೊಂಡಿದ್ದೆ; ಕಾಕಾನ ವ್ರತವನ್ನು ಈಗ ಕಾಕು ನಡೆಸುತ್ತಿದ್ದರು.

ಕೊನೆಯ ಬಸ್ಸಿಗೆ ಇನ್ನೂ ಸಮಯವಿತ್ತು. ನಾನು ಹೋಗಲಿಲ್ಲ. ಕಾಕು ಹಾಸಿಕೊಟ್ಟಲ್ಲಿ ಮಲಗಿದೆ. ಅವರು ಬಾಯಾರಿದವರಂತೆ ಆಗಾಗ ತುಟಿ ಚಪ್ಪರಿಸುವುದು ಕೇಳುತ್ತಿತ್ತು. ಅವರೂ ಏಳಲಿಲ್ಲ, ನಾನೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಸ್ನಾನ ಮಾಡಿದೆ. ಕಾಲೇಜಿಗೆ ರಜೆ ಎಂದು ಒಂದು ಸಾಲು ಬರೆದು ಕಳಿಸಿದೆ. ಕಟ್ಟೆಗೆ ಹೋಗಿ ಕಲ್ಲಿನ ಮೇಲೆ ಅಂಗೈ ಊರಿ ಕೂತೆ. ಕಲ್ಲು ತಣ್ಣಗಿತ್ತು. ಏನೋ ಒಂದು ದೊಡ್ಡ ಗಾಡಿ ಬಂದು ಹೋಯಿತು. ಯಾವುದೆಂದು ನನಗೆ ತಿಳಿಯಲಿಲ್ಲ. ಕ್ಯಾಲೆಂಡರು ನೋಡಲಿಲ್ಲ. ಎದುರಿನ ಮನೆಯ ಮಾಳಿಗೆಯ ಮೇಲೆ ಬಿಸಿಲು ಬಿದ್ದದ್ದನ್ನು ನೋಡಿ ಒಳಗೆ ಹೋದೆ.

"ಕಾಕು, ನನಗ ಹಸಿವ್ಯಾಗೇತಿ," ಎಂದೆ.

ಅವರು ಎರಡು ತಾಟು ಹಾಕಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ತಮ್ಮ ತಾಟಿನ ಮುಂದೆ ಕೈ ಮಡಚಿ ಕುಳಿತು ನನ್ನನ್ನೇ ನೋಡುತ್ತಿದ್ದರು. ನಾನು ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟೆ. ನೀರು ಕುಡಿದು ನುಂಗಿದೆ, ಆ ಮನೆಯ ನೀರು. ಆಗ ಅವರು ತಮ್ಮ ತಾಟಿಗೆ ಕೈ ಹಾಕಿದರು.

ಎರಡನೆಯ ರೊಟ್ಟಿಯನ್ನೂ ಹಾಕಿಸಿಕೊಂಡೆ.